ಮಳೆಗಾಲದಲ್ಲಿ ಗುಡ್ಡೆಗೆ ಒಯ್ಯಲು ಒಂದು ಚಾಕು ಬೇಕು, ಎಷ್ಟು ದಪ್ಪದ್ದು ತಗೊಳ್ಳಲಿ?

ಗುಂಪೆ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಲೆಕ್ಕದ ಮಾಷ್ಟ್ರು. ರಜೆ ಬಂದರೆ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಹತ್ತಿರಕ್ಕೆ ಪೊಸಡಿ ಗುಂಪೆ ಗುಡ್ಡೆ, ದೂರಕ್ಕೆ ರಾಣಿಪುರಂ ಗುಡ್ಡೆ. ಆದರೆ ನಾವು ಮೂವರು ಗೆಳೆಯರು ಜಾಸ್ತಿ ಹೋಗುವುದು ಬಂದಡ್ಕದ ಆಚೆ ಇರುವ ಒಬ್ಬ ಸ್ನೇಹಿತನ ರಬ್ಬರ್ ತೋಟಕ್ಕೆ. ತೋಟದ ಕೆಳಗೆ ತೋಡು ಉಂಟು, ಮೇಲೆ ಕಾಡಿನ ಹಾಗೆ ಬಿಟ್ಟ ಜಾಗ ಉಂಟು. ಅಲ್ಲಿ ಟಾರ್ಪಾಲು ಕಟ್ಟಿ ರಾತ್ರಿ ಉಳಿಯುತ್ತೇವೆ. ಗಂಜಿ ಬೇಯಿಸುವುದು, ಒಣಮೀನು ಸುಡುವುದು, ಕೂತು ಹರಟೆ ಹೊಡೆಯುವುದು. ಅಷ್ಟೇ.

ಈವರೆಗೆ ಅಡುಗೆಮನೆಯ ಚಾಕು ಪೇಪರಿನಲ್ಲಿ ಸುತ್ತಿ ಒಯ್ಯುತ್ತಿದ್ದೆ. ಮನೆಯವಳಿಗೆ ಅದು ಸರಿ ಕಾಣುವುದಿಲ್ಲ, ಅವಳದ್ದು ತಪ್ಪೂ ಅಲ್ಲ. ಮಡಚುವ ಚಾಕು ಒಂದು ಉಂಟು. ಅದರ ಸಂದಿಗೆ ಕೆಸರು ಹೋದರೆ ಬಿಡಿಸಲಿಕ್ಕೇ ಅರ್ಧ ಗಂಟೆ ಬೇಕು. ಹಾಗಾಗಿ ಮಡಚದ, ಹಿಡಿ ಗಟ್ಟಿ ಕೂತ ಒಂದು ಚಾಕು ತಗೊಳ್ಳುವ ಆಲೋಚನೆ.

ಮಾಡುವ ಕೆಲಸ ಇಷ್ಟು. ಒದ್ದೆ ಸೌದೆಯ ಒಳಗಿನ ಒಣ ಭಾಗದಿಂದ ಸಣ್ಣ ಸಿಬಿರು ಕೆತ್ತುವುದು. ಟಾರ್ಪಾಲಿಗೆ ಗೂಟ ಚೂಪು ಮಾಡುವುದು. ಹಗ್ಗ ತುಂಡು ಮಾಡುವುದು. ಮೀನು, ಹಲಸು, ಮಾವು, ಸಿಕ್ಕಿದ್ದೆಲ್ಲ ಕೊಯ್ಯುವುದು. ಮತ್ತೆ ಗೆರಟೆ ಸೌಟು ಮಾಡುವ ಒಂದು ಹುಚ್ಚು ಈಚೆಗೆ ಹಿಡಿದಿದೆ, ಅದರ ಹಿಡಿ ಕೆತ್ತಲಿಕ್ಕೂ ಆಗಬೇಕು.

ವಿಡಿಯೋ ನೋಡಿದಷ್ಟೂ ತಲೆ ಕೆಡುತ್ತದೆ. ಒಬ್ಬರು ಐದು ಮಿಲಿಮೀಟರ್ ದಪ್ಪ ಇಲ್ಲದಿದ್ದರೆ ಅದು ಆಟಿಕೆ ಅನ್ನುತ್ತಾರೆ. ಇನ್ನೊಬ್ಬರು ಕಾರ್ಬನ್ ಉಕ್ಕು ಬಿಟ್ಟು ಬೇರೆ ಮುಟ್ಟಬೇಡಿ ಅನ್ನುತ್ತಾರೆ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಾರ್ಬನ್ ಉಕ್ಕು ಉಳಿಯುತ್ತದಾ? ಬಜೆಟ್ಟು ಮೂರು ಸಾವಿರದ ಒಳಗೆ. ದಾರಿಯಲ್ಲಿ ಪೊಲೀಸರು ಚೀಲ ನೋಡಿದರೆ ಏನಾದರೂ ತೊಂದರೆ ಉಂಟಾ, ಅದನ್ನೂ ಗೊತ್ತಿದ್ದವರು ಹೇಳಿ.

ಉಪ್ಪಳ ರೈಡರ್

ಸರ್, ಒಂದೇ ಮಾತು: ಫುಲ್ ಟ್ಯಾಂಗ್. ಅಂದರೆ ಬ್ಲೇಡಿನ ಕಬ್ಬಿಣವೇ ಹಿಡಿಯ ಕೊನೆ ತನಕ ಒಂದೇ ಪಟ್ಟಿಯಾಗಿ ಬಂದಿರಬೇಕು, ಎರಡು ಬದಿಗೆ ಹಿಡಿಯ ತುಂಡು ಕೂರಿಸಿರಬೇಕು. ಅರ್ಧಕ್ಕೆ ನಿಂತ ಟ್ಯಾಂಗ್ ಇದ್ದರೆ ಒಂದು ದಿನ ಮುರಿದೇ ಮುರಿಯುತ್ತದೆ, ಅದೂ ಬೇಕಾದ ಹೊತ್ತಿಗೇ.

ದಪ್ಪ ನಾಲ್ಕೂವರೆಯಿಂದ ಐದು ಮಿಲಿಮೀಟರ್ ಇರಲಿ. ಬ್ಯಾಟನಿಂಗ್ ಮಾಡಬೇಕಲ್ಲ! ಸೌದೆಯ ತಲೆಗೆ ಚಾಕು ಇಟ್ಟು ಬೆನ್ನಿಗೆ ಇನ್ನೊಂದು ಕೋಲಿನಿಂದ ಬಡಿದರೆ ಎರಡು ಸೀಳು. ಒದ್ದೆ ಸೌದೆಯ ಒಳಗಿನ ಒಣ ಭಾಗ ಬೇಕು ಅಂತ ನೀವೇ ಹೇಳಿದ್ದೀರಿ. ತೆಳು ಚಾಕುವಿನಲ್ಲಿ ಅದು ಆಗುವ ಕೆಲಸ ಅಲ್ಲ.

ಬೆನ್ನಿನಲ್ಲಿ ಗರಗಸದ ಹಲ್ಲು, ಹಿಡಿಯೊಳಗೆ ಟೊಳ್ಳು, ಅದರ ಮುಚ್ಚಳದಲ್ಲಿ ದಿಕ್ಸೂಚಿ ಇರುವ ಮಾಲು ಮಾತ್ರ ತಗೊಳ್ಳಬೇಡಿ. ಹಾಗೆಯೇ ಕಡಿಮೆ ಬೆಲೆಗೆ ಡಮಾಸ್ಕಸ್ ಅಂತ ಬರುವುದೂ ಬೇಡ. ಗೆರೆ ಚಂದ ಕಾಣುತ್ತದೆ, ಒಳಗೆ ಯಾವ ಉಕ್ಕು ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಕುಲುಮೆ ಮನೆ

ಮಾಷ್ಟ್ರೇ, ಐದು ಮಿಲಿಮೀಟರ್ ದಪ್ಪದ ನಾಲ್ಕಿಂಚು ಚಾಕು ಅಂದರೆ ಅದು ಹಿಡಿ ಹಾಕಿದ ಹಾರೆ. ಗುಂಡಿ ತೆಗೆಯಬಹುದು, ಮಾವಿನಕಾಯಿ ಕೊಯ್ಯಲಿಕ್ಕೆ ಆಗುವುದಿಲ್ಲ.

ನಮ್ಮದು ಮುಳ್ಳೇರಿಯಾದ ಹತ್ತಿರ ಕುಲುಮೆ. ಅಪ್ಪ ಈಗಲೂ ಕತ್ತಿ, ಕೊಟ್ಟು, ಪಿಕ್ಕಾಸು ಮಾಡುತ್ತಾರೆ. ನಾನು ವಾರವಿಡೀ ಮಂಗಳೂರಿನಲ್ಲಿ ಲೇತ್ ಮೆಷಿನ್ನಿನ ಎದುರು, ಭಾನುವಾರ ಅಪ್ಪನ ಎದುರು. ಎರಡೂ ಕಡೆ ಬೈಗುಳ ತಿಂದು ಕಲಿತದ್ದನ್ನು ಹೇಳುತ್ತೇನೆ.

ಮೊದಲು ದಪ್ಪದ ವಿಷಯ. ನೀವು ಲೆಕ್ಕದ ಮಾಷ್ಟ್ರು ಅಲ್ವಾ, ನೀವೇ ಹಾಕಿ ನೋಡಿ. ಮರ ಕೆತ್ತುವ ಚಾಕುವಿಗೆ ಬಾಯಿಯ ಕೋನ ಎರಡೂ ಬದಿ ಸೇರಿ 25 ಡಿಗ್ರಿ ಅಂತ ಇಟ್ಟುಕೊಳ್ಳಿ. ಬೆನ್ನು 2.5 ಮಿಲಿಮೀಟರ್ ಇದ್ದರೆ ಆ ಇಳಿಜಾರು ಸುಮಾರು 5.8 ಮಿಲಿಮೀಟರ್ ಅಗಲಕ್ಕೆ ಮುಗಿಯುತ್ತದೆ. ಬೆನ್ನು 5 ಆದರೆ ಅದೇ ಕೋನಕ್ಕೆ ಸುಮಾರು 11.6 ಮಿಲಿಮೀಟರ್ ಬೇಕು. ಅಷ್ಟು ಅಗಲ ತಿಕ್ಕುವ ತಾಳ್ಮೆ ಯಾವ ಕಂಪೆನಿಗೆ ಉಂಟು? ಆರು ಮಿಲಿಮೀಟರಿಗೇ ನಿಲ್ಲಿಸುತ್ತಾರೆ. ಆಗ ಕೋನ ಹತ್ತಿರ ಹತ್ತಿರ 50 ಡಿಗ್ರಿಗೆ ಏರುತ್ತದೆ. ಹೊಸ ಚಾಕು ಕೈಗೆ ಬಂದ ದಿನವೇ ಮೊಂಡ. ಬೆನ್ನಿನಿಂದಲೇ ತೆಳು ಮಾಡುತ್ತಾ ತಂದ ಚಾಕುವಿನ ಲೆಕ್ಕ ಸ್ವಲ್ಪ ಬೇರೆ. ಆದರೂ ದಪ್ಪ ಬೆನ್ನು ಮರದೊಳಗೆ ಹೋದಾಗ ಕೊಯ್ಯುವುದಿಲ್ಲ, ಬೆಣೆ ಹೊಡೆದ ಹಾಗೆ ಅಗಲಿಸುತ್ತದೆ.

ಉಪ್ಪಳದ ಅಣ್ಣ ಹೇಳಿದ ಬ್ಯಾಟನಿಂಗ್ ಸುಳ್ಳಲ್ಲ. ಆ ಅಭ್ಯಾಸ ಬಂದದ್ದು ಕತ್ತಿ ಇಲ್ಲದ ಊರುಗಳಿಂದ. ಸೊಂಟದಲ್ಲಿ ಒಂದೇ ಚಾಕು ಇಟ್ಟುಕೊಂಡು ನಡೆಯುವವನು ಅದರಲ್ಲೇ ಸೌದೆಯನ್ನೂ ಸೀಳಬೇಕಾಗುತ್ತದೆ. ನಮ್ಮಲ್ಲಿ ತೋಟಕ್ಕೆ ಇಳಿಯುವ ಯಾರು ಕತ್ತಿ ಬಿಟ್ಟು ಇಳಿಯುತ್ತಾರೆ? ಸೌದೆ ಸೀಳಲು, ಬಳ್ಳಿ ಸವರಲು, ಬಿದಿರು ಕಡಿಯಲು ಕತ್ತಿ ಉಂಟಲ್ಲ. ನಿಮ್ಮ ಸ್ನೇಹಿತನ ಮನೆಯ ಜಗಲಿಯಲ್ಲೇ ಎರಡು ಮೂರು ಸಿಕ್ಕಿಸಿಟ್ಟಿರುತ್ತಾರೆ. ಒರಟು ಕೆಲಸ ಅದಕ್ಕೆ ಬಿಡಿ. ಚಾಕುವಿಗೆ ನಾಜೂಕಿನ ಕೆಲಸ ಮಾತ್ರ ಕೊಡಿ. ಆಗ ಬೆನ್ನು ಎರಡೂವರೆಯಿಂದ ಮೂರು ಮಿಲಿಮೀಟರ್ ಸಾಕು, ಉದ್ದ ನಾಲ್ಕಿಂಚು ಸಾಕು.

ಆ ಅಳತೆಗೆ ಸರಿಯಾಗಿ ಸ್ವೀಡನ್ನಿನ ಮೋರಾ ಕಂಪೆನಿಯ ಕಂಪಾನಿಯನ್ ಅಂತ ಒಂದು ಚಾಕು ಉಂಟು. ಬ್ಲೇಡು 10.4 ಸೆಂಟಿಮೀಟರ್, ದಪ್ಪ 2.5 ಮಿಲಿಮೀಟರ್, ಹಿಡಿ ರಬ್ಬರಿನ ಹಾಗೆ ಕೈಗೆ ಅಂಟುತ್ತದೆ, ಒರೆ ಪ್ಲಾಸ್ಟಿಕ್ಕಿನದ್ದು. ಮೋರಾ ಊರಿನಲ್ಲಿ 1891ರಿಂದ ಚಾಕು ಮಾಡುತ್ತಾ ಬಂದವರು. ಅದು ಫುಲ್ ಟ್ಯಾಂಗ್ ಅಲ್ಲ, ಬಾಲ ಹಿಡಿಯ ಕೊನೆ ತನಕ ಬರುವುದಿಲ್ಲ. ನಿಮ್ಮ ಕೆಲಸಕ್ಕೆ ಅದು ಅಡ್ಡಿಯೂ ಅಲ್ಲ. ನಮ್ಮ ಅಪ್ಪ ಮಾಡುವ ಕತ್ತಿಗಳ ಬಾಲವೂ ಹಿಡಿಯೊಳಗೆ ಸಪೂರ ಹೋಗುವಂಥದ್ದೇ. ಅದರಲ್ಲಿ ವರ್ಷಗಟ್ಟಲೆ ಸೌದೆ ಕಡಿಯುತ್ತಾರೆ.

ಇನ್ನು ಉಕ್ಕು. ಎಲ್ಲರೂ ಉಕ್ಕಿನ ಹೆಸರು ಕೇಳುತ್ತಾರೆ, ಹದ ಯಾರೂ ಕೇಳುವುದಿಲ್ಲ. ನಾವು ತರುವುದು ಲಾರಿಯ ಪ್ಲೇಟು, ಅಂದರೆ ಚಕ್ರದ ಮೇಲಿನ ಸ್ಪ್ರಿಂಗಿನ ಪಟ್ಟಿ. ಇಎನ್ 45, ಎಸ್‌ಯುಪಿ 9, ಇಂಥ ಉಕ್ಕು. ನೂರು ಪಾಲಿನಲ್ಲಿ ಅರ್ಧ ಪಾಲಿನಿಂದ ಮುಕ್ಕಾಲು ಪಾಲಿನ ಒಳಗೆ ಕಾರ್ಬನ್ ಇರುತ್ತದೆ, ಒಂದು ಪಾಲೂ ಇಲ್ಲ. ಅದನ್ನು ಕಾಯಿಸುತ್ತಾ ಹೋದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿಗೆ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ. ಅಲ್ಲಿಂದ ಇನ್ನೊಂದು ಸ್ವಲ್ಪ ಬಣ್ಣ ಏರಿದ ಮೇಲೆ ಎಣ್ಣೆಗೆ ಅದ್ದಬೇಕು. ಇಂಥ ಉಕ್ಕನ್ನು ನೀರಿಗೆ ಅದ್ದಿದರೆ ಬಿರಿಯುವ ಭಯ ಜಾಸ್ತಿ. ಎಣ್ಣೆಯಿಂದ ತೆಗೆದಾಗ ಅದು ಗಡುಸು, ಆದರೆ ಕೆಳಗೆ ಬಿದ್ದರೆ ಒಡೆಯುವಷ್ಟು ಪೆಡಸು. ಮತ್ತೆ ಮೆಲ್ಲ ಕಾಯಿಸಿ ಆ ಪೆಡಸು ಇಳಿಸಬೇಕು. ತಿಕ್ಕಿ ಹೊಳೆಯುವಂತೆ ಮಾಡಿದ ಕಬ್ಬಿಣದ ಮೇಲೆ ಒಣಹುಲ್ಲಿನ ಬಣ್ಣ ಬರುವಾಗ ನಿಲ್ಲಿಸಿದರೆ ಸಣ್ಣ ಚಾಕುವಿಗೆ ಸರಿ. ನೀಲಿ ಬಣ್ಣಕ್ಕೆ ಹೋದರೆ, ಅಂದರೆ ಸುಮಾರು 300 ಡಿಗ್ರಿಗೆ, ಬಗ್ಗುತ್ತದೆ, ಮುರಿಯುವುದಿಲ್ಲ, ಆದರೆ ಹರಿತ ನಿಲ್ಲುವುದಿಲ್ಲ. ಕತ್ತಿಗೆ ಅಪ್ಪ ಹದ ಬೇಕಂತಲೇ ಮೆದು ಬಿಡುತ್ತಾರೆ. ನಮ್ಮ ಊರಿನ ಕತ್ತಿ ಮುರಕಲ್ಲಿಗೆ ತಾಗದ ದಿನ ಇಲ್ಲ, ಬಾಯಿ ಚಕ್ಕೆ ಏಳುವುದಕ್ಕಿಂತ ಮಡಚುವುದು ಒಳ್ಳೆಯದು. ಅದೇ ಹದದಲ್ಲಿ ಚಾಕು ಮಾಡಿಕೊಟ್ಟರೆ ನೀವು ಸಂಜೆ ತನಕ ಮಸೆಯುತ್ತಾ ಕೂರಬೇಕು. ಹಾಗಾಗಿ ಊರಿನ ಆಚಾರಿಯ ಹತ್ತಿರ ಮಾಡಿಸುವುದಾದರೆ ಇದು ಕತ್ತಿ ಅಲ್ಲ, ಕೆತ್ತುವ ಚಾಕು ಅಂತ ಬಿಡಿಸಿ ಹೇಳಿ. ತುಂಬ ಓಡಿದ ಪ್ಲೇಟು ಬೇಡ ಅಂತಲೂ ಹೇಳಿ. ಅದರೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು.

ಕಾರ್ಬನ್ನಾ ಸ್ಟೇನ್‌ಲೆಸ್ಸಾ? ನನ್ನ ಹೊಟ್ಟೆಪಾಡಿಗೆ ವಿರುದ್ಧ ಮಾತಾಡುತ್ತೇನೆ. ಮನೆಗೆ ಬಂದು ಚೀಲ ಮೂಲೆಗೆ ಎಸೆದು ಮಲಗುವ ಜನ ನೀವಾಗಿದ್ದರೆ ಸ್ಟೇನ್‌ಲೆಸ್ ತಗೊಳ್ಳಿ. ಮೋರಾದ ಸ್ಟೇನ್‌ಲೆಸ್ಸಿನಲ್ಲಿ 12ಸಿ27 ಅನ್ನುವ ಉಕ್ಕು, ನೂರರಲ್ಲಿ ಹದಿಮೂರೂವರೆ ಪಾಲು ಕ್ರೋಮಿಯಂ. ತುಕ್ಕು ಬರುವುದೇ ಇಲ್ಲ ಅಂತಲ್ಲ, ಬರಲಿಕ್ಕೆ ತುಂಬ ಹೊತ್ತು ಬೇಕು. ಬಂದ ಕೂಡಲೇ ಒರೆಸಿ ಎಣ್ಣೆ ಹಚ್ಚುವವರಾದರೆ ಕಾರ್ಬನ್.

ಪೆರ್ಲದ ಅಕ್ಕ

ಗಂಡಸರು ಎಲ್ಲ ದಪ್ಪ, ಉಕ್ಕು ಅಂತಲೇ ಕೂತಿದ್ದೀರಿ. ಹಿಡಿಯ ಬಗ್ಗೆ ಒಬ್ಬರಾದರೂ ಸರಿಯಾಗಿ ಮಾತಾಡಿದಿರಾ?

ನಾನು ತೋಟದ ಕೆಲಸದವಳು. ಅಡಿಕೆ, ಬಾಳೆ, ಸ್ವಲ್ಪ ಕೊಕ್ಕೊ. ಚಾಕು ಕೈ ಕೊಯ್ಯುವುದು ಹರಿತ ಜಾಸ್ತಿ ಆಗಿ ಅಲ್ಲ, ಕೈ ಜಾರಿ. ಅಂಗಡಿಯಲ್ಲಿ ಒಣ ಕೈಯಲ್ಲಿ ಹಿಡಿದು ಚಂದ ಉಂಟು ಅಂತ ತಗೊಂಡರೆ ಏನೂ ಗೊತ್ತಾಗುವುದಿಲ್ಲ. ಕೈಗೆ ಸ್ವಲ್ಪ ತೆಂಗಿನೆಣ್ಣೆ ಸವರಿ ಹಿಡಿದು ನೋಡಿ ಮಾಷ್ಟ್ರೇ. ಮೀನು ಕೊಯ್ಯುವಾಗ, ಹಲಸಿನ ಮೇಣ ತೆಗೆಯಲು ಎಣ್ಣೆ ಹಚ್ಚಿಕೊಂಡಾಗ, ಮಳೆಯಲ್ಲಿ, ನಿಮ್ಮ ಕೈ ಹಾಗೆಯೇ ಇರುವುದು. ಹಿಡಿಯ ಮುಂದೆ ಬೆರಳು ಬಾಯಿಯ ಮೇಲೆ ಜಾರದ ಹಾಗೆ ಒಂದು ಸಣ್ಣ ತಡೆ ಇರಲಿ. ಎಳನೀರಿಗೆ ಮೊನೆ ಚುಚ್ಚಿ ಒತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ. ಹಿಡಿ ತೀರಾ ಸಪೂರ ಇದ್ದರೆ ಕೆತ್ತುವಾಗ ಅಂಗೈಯಲ್ಲಿ ಗುಳ್ಳೆ ಏಳುತ್ತದೆ. ಫುಲ್ ಟ್ಯಾಂಗಿನ ಕಬ್ಬಿಣದ ಅಂಚು ಹಿಡಿಯ ಎರಡು ಕಡೆ ಎದ್ದು ನಿಂತಿದ್ದರೂ ಅದೇ ಕಥೆ.

ಸ್ಟೇನ್‌ಲೆಸ್ಸೇ ತಗೊಳ್ಳಿ ಅಂದದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ನಮ್ಮ ಮನೆಯ ಪೀಶಕತ್ತಿ, ಅಂದರೆ ಚಾಕು, ಅತ್ತೆಯ ಕಾಲದ್ದು. ಶುದ್ಧ ಕಾರ್ಬನ್. ಮೈಯೆಲ್ಲ ಕಪ್ಪು. ಹಸಿ ಅಡಿಕೆಯ ಚೊಗರು, ಮಾವಿನ ಹುಳಿ, ಬಾಳೆಯ ಕರೆ, ಎಲ್ಲ ಸೇರಿ ಆ ಕಪ್ಪು ಕೂತದ್ದು. ಅದು ಕೂತ ಮೇಲೆ ಕೆಂಪು ತುಕ್ಕು ಬೇಗ ಹತ್ತುವುದಿಲ್ಲ. ತೊಳೆದು, ಒಲೆಯ ಹತ್ತಿರ ಒಣಗಿಸಿ, ಒಂದು ಬೆರಳು ತೆಂಗಿನೆಣ್ಣೆ ಹಚ್ಚಿದರೆ ಆಯ್ತು. ಆ ಎಣ್ಣೆ ಹೊಟ್ಟೆಗೆ ಹೋದರೂ ತೊಂದರೆ ಇಲ್ಲ, ಪೆಟ್ಟಿಗೆಯಲ್ಲಿ ಬರುವ ಮೆಷಿನ್ ಎಣ್ಣೆ ಹಾಗಲ್ಲ. ಮಸೆಯಲಿಕ್ಕೂ ಕಾರ್ಬನ್ ಸುಲಭ. ಹೊಳೆಕಲ್ಲಿನಲ್ಲಿ ಎರಡು ಎಳೆ ಎಳೆದರೆ ಬಾಯಿ ಬರುತ್ತದೆ.

ಆದರೆ ಚರ್ಮದ ಒರೆ ಮಾತ್ರ ನಮ್ಮ ಊರಿಗೆ ಹೇಳಿದ್ದಲ್ಲ. ಆಟಿ ತಿಂಗಳಲ್ಲಿ ಚರ್ಮದ ಚಪ್ಪಲಿಯ ಗತಿ ನೋಡಿದ್ದೀರಲ್ಲ. ಒರೆಯೊಳಗೆ ನೀರಿನ ಪಸೆ ನಿಂತು, ಬೂಸ್ಟು ಹಿಡಿದು, ಒಳಗಿದ್ದ ಚಾಕುವಿಗೂ ಚುಕ್ಕೆ ಚುಕ್ಕೆ ತುಕ್ಕು. ಪ್ಲಾಸ್ಟಿಕ್ಕಿನದ್ದೇ ಒಳ್ಳೆಯದು, ತಳದಲ್ಲಿ ನೀರು ಇಳಿಯುವ ತೂತು ಇರಬೇಕು. ಚರ್ಮದ್ದೇ ಬೇಕು ಅಂತಿದ್ದರೆ ಮನೆಯಲ್ಲಿ ಚಾಕುವನ್ನು ಹೊರಗೆ ತೆಗೆದಿಡಿ.

ಇನ್ನೊಂದು. ಚಾಕು ಯಾವುದೇ ತಗೊಳ್ಳಿ, ಕೊಯ್ಯುವ ಮರ ಯಾವುದು ಅಂತ ನೋಡಿ. ಚೇರೆ ಮರದ ಹಾಲು ತಾಗಿದರೆ ಮೈ ಬಾತು ಗುಳ್ಳೆ ಏಳುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಹಾಗೆಯೇ, ಚರ್ಮ ಸುಡುತ್ತದೆ. ಕಾಸರಕದ ಕಡ್ಡಿಗೆ ಮೀನು ಚುಚ್ಚಿ ಸುಡಲಿಕ್ಕೆ ಹೋಗಬೇಡಿ. ಬೀಜದಲ್ಲಿ ಸ್ಟ್ರಿಕ್ನಿನ್ ವಿಷ, ತೊಗಟೆಯೂ ವಿಷವೇ. ಗೆರಟೆ ಸೌಟಿಗೆ ಹಿಡಿ ಬೇಕಾದರೆ ಬಿದಿರೋ ಅಡಿಕೆ ಮರದ ಸಲಾಕೆಯೋ ಸಾಕು.

ಗುಂಪೆ ಮಾಷ್ಟ್ರು

ಅಕ್ಕ, ಕಾಸರಕದ ವಿಷಯ ಹೇಳಿದ್ದು ತುಂಬ ಉಪಕಾರ. ನಮ್ಮ ಜಾಗದ ಬದಿಯಲ್ಲೇ ಎರಡು ಮರ ಉಂಟು. ಮುಂದಿನ ಸಲ ಗೆಳೆಯರಿಗೂ ತೋರಿಸಿ ಹೇಳುತ್ತೇನೆ.

ಕುಲುಮೆಯವರೇ, ಲೆಕ್ಕ ಹಾಕಿದೆ. ಒಂದೂಕಾಲನ್ನು ಹನ್ನೆರಡೂವರೆ ಡಿಗ್ರಿಯ ಸೈನಿನಿಂದ ಭಾಗಿಸಿದರೆ 5.78 ಬರುತ್ತದೆ. ಸರಿ ಉಂಟು. ನಾಳೆ ಹತ್ತನೇ ಕ್ಲಾಸಿಗೆ ಇದೇ ಲೆಕ್ಕ ಕೊಡುವ ಅಂತ ಇದ್ದೇನೆ, ಚಾಕು ಅನ್ನದೆ ಬೆಣೆ ಅಂತ ಬರೆಯುತ್ತೇನೆ. ಇಲ್ಲದಿದ್ದರೆ ಹೆಡ್‌ಮಾಷ್ಟ್ರು ಕರೆಸುತ್ತಾರೆ.

ಹಾಗಾದರೆ ಈಗಿನ ಮಟ್ಟಿಗೆ ತೆಳು ಚಾಕು, ಜೊತೆಗೆ ತೋಟದ ಕತ್ತಿ. ಉಳಿದ ಪ್ರಶ್ನೆ ಮೂರು. ಬೆಂಕಿ ಹೊತ್ತಿಸುವ ಫೆರೋ ರಾಡ್ ಅನ್ನುವ ಲೋಹದ ಕಡ್ಡಿ ಉಜ್ಜಿ ಕಿಡಿ ಹಾರಿಸಲು ಕಾರ್ಬನ್ ಚಾಕುವೇ ಆಗಬೇಕಾ? ಯಾವ ಕಲ್ಲಿನಲ್ಲಿ ಮಸೆಯುವುದು? ಮತ್ತೆ ಪೊಲೀಸರ ವಿಷಯಕ್ಕೆ ಯಾರೂ ಬರಲಿಲ್ಲ.

ಹಳೇ ವಾಚರ್

ನಾನು ಬರುತ್ತೇನೆ. ಕಾಡಿನ ಇಲಾಖೆಯಲ್ಲಿ ಕೆಲಸ ಮಾಡಿ ಮನೆಯಲ್ಲಿ ಕೂತವನು. ಚೀಲ ತಪಾಸಣೆ ಮಾಡಿದ ಕೈ ಇದು.

ಎರಡು ಕಾನೂನು ಬೇರೆ ಬೇರೆ ಇಟ್ಟುಕೊಳ್ಳಿ. ಒಂದು ಆಯುಧ ಕಾನೂನು, 1959ರದ್ದು. ಅದರ ನಿಯಮದ ಪಟ್ಟಿಯಲ್ಲಿ ಬರುವುದು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಬ್ಲೇಡು ಇರುವ ಚಾಕು, ಮತ್ತೆ ಖಡ್ಗ, ಈಟಿ ಇಂಥವು. ಮನೆಗೆಲಸ, ಕೃಷಿ, ಕೈಗಾರಿಕೆಗೆ ಅಂತ ಮಾಡಿದ್ದು ಆ ಪಟ್ಟಿಯ ಹೊರಗೆ. ನಿಮ್ಮ ನಾಲ್ಕಿಂಚು ಚಾಕುವಿಗೆ ಲೈಸೆನ್ಸ್ ಬೇಡ. ತೋಟದ ಕತ್ತಿ ಕೃಷಿಯ ಹತ್ಯಾರು. ಹಾಗಂತ ಎರಡನ್ನೂ ಸೊಂಟಕ್ಕೆ ಸಿಕ್ಕಿಸಿ ಕಾಸರಗೋಡು ಹೊಸ ಬಸ್ ಸ್ಟ್ಯಾಂಡಿನಲ್ಲಿ ಅಡ್ಡಾಡಬೇಡಿ. ಒರೆಯಲ್ಲಿ ಹಾಕಿ, ಬಟ್ಟೆಯಲ್ಲಿ ಸುತ್ತಿ, ಚೀಲದ ತಳದಲ್ಲಿ ಇಡಿ. ಕೇಳಿದರೆ ಎಲ್ಲಿಗೆ, ಯಾಕೆ ಅಂತ ನೆಟ್ಟಗೆ ಹೇಳಿ.

ಎರಡನೆಯದು ಇದಕ್ಕಿಂತ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ 31ನೇ ಸೆಕ್ಷನ್. ಅಭಯಾರಣ್ಯದ ಒಳಗೆ ಬರಹದ ಅನುಮತಿ ಇಲ್ಲದೆ ಆಯುಧ ಹಿಡಿದು ಕಾಲಿಡುವ ಹಾಗಿಲ್ಲ. ಆ ಕಾನೂನಿನಲ್ಲಿ ಆಯುಧ ಅಂದರೆ ಕೋವಿ ಮಾತ್ರ ಅಲ್ಲ. ಬಲೆ, ಉರುಳು, ಗಾಳ, ಚಾಕು, ಎಲ್ಲ ಸೇರಿದೆ. ಅಲ್ಲಿ ನಾಲ್ಕಿಂಚು, ಒಂಬತ್ತಿಂಚು ಅನ್ನುವ ವಾದ ನಡೆಯುವುದಿಲ್ಲ. ರಾಣಿಪುರಂ ಗುಡ್ಡೆಯ ಆಚೆ ಬದಿ ಕರ್ನಾಟಕದ ತಲಕಾವೇರಿ ಅಭಯಾರಣ್ಯ. ಹುಲ್ಲುಗಾವಲಿನಲ್ಲಿ ಮಂಜು ಬಿದ್ದರೆ ಗಡಿ ಎಲ್ಲಿ ಅಂತ ನಮಗೇ ತಿಳಿಯುತ್ತಿರಲಿಲ್ಲ. ರಾಣಿಪುರಂ ಟಿಕೇಟು ತಗೊಂಡು ಹತ್ತಿ ಇಳಿಯುವ ಜಾಗ, ಅಲ್ಲಿ ಚಾಕುವಿಗೆ ಕೆಲಸವೇ ಇಲ್ಲ. ಇಂಬಳ ಬಿಡಿಸಲು ಉಪ್ಪು ಸಾಕು. ಚಾಕು ಮನೆಯಲ್ಲಿ ಬಿಟ್ಟು ಹೋಗಿ.

ರಿಸರ್ವ್ ಕಾಡಿನಲ್ಲಿ ಬೆಂಕಿ ಹಾಕುವುದು, ಮರದ ಗೆಲ್ಲು ಕಡಿಯುವುದು, ಎರಡೂ ಕೇಸು. ನಿಮ್ಮ ಸ್ನೇಹಿತನ ತೋಟ ಖಾಸಗಿ ಜಾಗ, ಅಲ್ಲಿ ಆತನ ಒಪ್ಪಿಗೆ ಇದ್ದರೆ ಆಯ್ತು. ಆದರೆ ಮೇಲೆ ಕಾಡಿನ ಹಾಗೆ ಬಿಟ್ಟ ಜಾಗ ಅಂತ ಬರೆದಿದ್ದೀರಲ್ಲ, ಅದು ಆತನದ್ದಾ ಇಲಾಖೆಯದ್ದಾ? ಗಡಿಕಲ್ಲು ಎಲ್ಲಿ ಉಂಟು ಅಂತ ಮೊದಲು ನೋಡಿಕೊಳ್ಳಿ.

ಉಪ್ಪಳ ರೈಡರ್

ಕತ್ತಿ ಇಟ್ಟುಕೊಳ್ಳಿ ಅನ್ನುವುದೆಲ್ಲ ತೋಟದಲ್ಲಿ ಸರಿ. ನಾನು ಬೈಕಿನಲ್ಲಿ ಕೊಡಗು, ಚಿಕ್ಕಮಗಳೂರು ಅಂತ ಸುತ್ತುವವನು. ಒಂದೂವರೆ ಅಡಿ ಕತ್ತಿ ಎಲ್ಲಿ ಕಟ್ಟಿಕೊಳ್ಳಲಿ? ಒಂದೇ ಚಾಕು ಒಯ್ಯುವವನಿಗೆ ನನ್ನ ಮಾತೇ ಸರಿ. ಹೋಂಸ್ಟೇ ಅಂಗಳದಲ್ಲಿ ಕೊಡುವ ಸೌದೆ ಕಟ್ಟು ಯಾವತ್ತೂ ತೋಳಿನಷ್ಟು ದಪ್ಪ.

ಕುಲುಮೆ ಮನೆ

ಅಣ್ಣ, ನಿಮ್ಮ ಲೆಕ್ಕಕ್ಕೆ ನೀವು ಸರಿ. ಆದರೂ ಐದು ಬೇಡ. ಮೋರಾದವರದ್ದೇ ಗಾರ್ಬರ್ಗ್ ಅಂತ ಉಂಟು. ಫುಲ್ ಟ್ಯಾಂಗ್, ದಪ್ಪ 3.2 ಮಿಲಿಮೀಟರ್, ಬ್ಲೇಡು 10.9 ಸೆಂಟಿಮೀಟರ್. ಸೌದೆ ಸೀಳುವಾಗ ಗಂಟು ಇಲ್ಲದ ಕಡೆ ಇಟ್ಟು ಬಡಿದರೆ ಅಷ್ಟು ದಪ್ಪ ಸಾಕು. ಮಾಷ್ಟ್ರ ಬಜೆಟ್ಟಿಗೆ ಅದು ಬರುವುದಿಲ್ಲ, ಅವರಿಗೆ ಬೇಡವೂ ಬೇಡ.

ಮಾಷ್ಟ್ರೇ, ಫೆರೋ ರಾಡಿನಲ್ಲಿ ಕಿಡಿ ಬರುವುದು ರಾಡಿನಿಂದ, ಚಾಕುವಿನಿಂದ ಅಲ್ಲ. ಅದಕ್ಕೆ ಬೇಕಾದ್ದು ಚಾಕುವಿನ ಬೆನ್ನಿನ ಅಂಚು ಮೊಂಡಾಗದೆ ನೇರ ಮೂಲೆಯಾಗಿ ಇರುವುದು. ಉಕ್ಕು ಯಾವುದಾದರೂ ಆಗುತ್ತದೆ. ಚಕಮಕಿ ಕಲ್ಲು ಕುಟ್ಟುವ ಹಳೇ ಪದ್ಧತಿಗೆ ಮಾತ್ರ ಗಡುಸು ಕಾರ್ಬನ್ ಉಕ್ಕು ಬೇಕು, ಅಲ್ಲಿ ಉರಿಯುವುದು ಉಕ್ಕಿನ ಪುಡಿ. ಕಂಪಾನಿಯನ್ನಿನ ಬೆನ್ನು ಅಷ್ಟು ಚೂಪು ಮೂಲೆಯದ್ದಲ್ಲ. ಬೇಕಾದರೆ ಅರದಲ್ಲಿ ತಿಕ್ಕಿ ಎರಡು ಇಂಚು ನೇರ ಮಾಡಿಕೊಳ್ಳಿ, ಹೆಬ್ಬೆರಳು ಒತ್ತುವ ಜಾಗ ಮಾತ್ರ ಬಿಟ್ಟುಬಿಡಿ. ಬಾಯಿಯ ಕಡೆಯಿಂದ ರಾಡ್ ಉಜ್ಜುವ ಕೆಲಸ ಬೇಡವೇ ಬೇಡ. ನಾನಂತೂ ಕಿಸೆಯಲ್ಲಿ ಲೈಟರ್ ಇಟ್ಟುಕೊಳ್ಳುತ್ತೇನೆ. ಜುಲೈಯಲ್ಲಿ ಬೆಂಕಿ ಹೊತ್ತದಿರುವುದು ಕಿಡಿ ಇಲ್ಲದೆ ಅಲ್ಲ, ಸಿಬಿರು ದಪ್ಪ ಆಗಿ. ಒಣಗಿದ ಕೊತ್ತಳಿಗೆಯೊಂದನ್ನು (ತೆಂಗಿನ ಗರಿಯ ದಿಂಡು) ತಗೊಂಡು ಮನೆಯ ಜಗಲಿಯಲ್ಲಿ ಕೂತು ಕೆತ್ತಿ ಅಭ್ಯಾಸ ಮಾಡಿ. ಪೇಪರಿನಷ್ಟು ತೆಳು ಸುರುಳಿ ಬರಬೇಕು, ಬುಡ ಬಿಡಬಾರದು. ಮೊಣಕಾಲಿನ ಹೊರಗೆ ಕೆತ್ತಿ, ತೊಡೆಯ ನಡುವೆ ಅಲ್ಲ. ಅಲ್ಲಿ ದೊಡ್ಡ ರಕ್ತನಾಳ ಉಂಟು.

ಕಲ್ಲು ಎರಡು ಬದಿಯದ್ದು ತಗೊಳ್ಳಿ, 400 ಮತ್ತು 1000 ನಂಬರಿನದ್ದು, ನಂಬರು ಏರಿದಷ್ಟೂ ಕಲ್ಲು ನಯ. ಚಕ್ಕೆ ಎದ್ದರೆ 400, ಇಲ್ಲದಿದ್ದರೆ 1000 ಒಂದೇ ಸಾಕು. ಮೋರಾದ ಇಳಿಜಾರನ್ನು ಪೂರ್ತಿ ಕಲ್ಲಿನ ಮೇಲೆ ಮಲಗಿಸಿ ತಳ್ಳಿ, ಕೋನ ನೀವು ಹುಡುಕಬೇಕಾಗಿಲ್ಲ. ಇನ್ನೊಂದು ಬದಿಯಲ್ಲಿ ಉಗುರಿಗೆ ತಾಗುವಷ್ಟು ಸಣ್ಣ ಅಂಚು ಎದ್ದ ಮೇಲೆ ತಿರುಗಿಸಿ. ಕೊನೆಗೆ ಹಳೇ ಬೆಲ್ಟಿನ ಒಳಬದಿಗೆ ನಾಲ್ಕು ಸಲ ಹಿಂದಕ್ಕೆ ಎಳೆದರೆ ಆ ಅಂಚು ಹೋಗುತ್ತದೆ. ಕರೆಂಟಿನ ಸಾಣೆಗೆ ಮಾತ್ರ ಕೊಡಬೇಡಿ. ಬಾಯಿ ನೀಲಿ ಆಯಿತೆಂದರೆ ಹದ ಹೋಯಿತು, ಮತ್ತೆ ನಮ್ಮ ಅಪ್ಪನ ಹತ್ತಿರವೇ ಬರಬೇಕು.

ಪೆರ್ಲದ ಅಕ್ಕನ ಹತ್ತಿರ ವಾದ ಮಾಡುವ ಧೈರ್ಯ ನನಗಿಲ್ಲ. ಅವರ ಪೀಶಕತ್ತಿ ದಿನಾ ಒಲೆಯ ಹತ್ತಿರ ಇರುತ್ತದೆ, ಹಾಗಾಗಿ ಉಳಿದಿದೆ. ನಿಮ್ಮದು ಚೀಲದೊಳಗೆ ಮುಂದಿನ ರಜೆಯ ತನಕ ಮಲಗುತ್ತದೆ. ಅಷ್ಟೇ ವ್ಯತ್ಯಾಸ.

ಕಾರ್ಬನ್ನಿನದ್ದೇ ಬೇಕು, ಊರಿನದ್ದೇ ಬೇಕು ಅಂತ ಮುಂದೆ ಮನಸ್ಸಾದರೆ ಮಳೆ ಹಿಂದೆ ಸರಿದ ಮೇಲೆ ಬನ್ನಿ. ಈಗ ಗೆರಟೆ ಇದ್ದಿಲು ಪೂರ್ತಿ ತಂಪು ಹಿಡಿದಿದೆ, ಅಪ್ಪನ ಸಿಟ್ಟೂ ಜಾಸ್ತಿ. ಬರುವಾಗ ಬಲಗೈಯ ಅಂಗೈ ಪೇಪರಿನ ಮೇಲಿಟ್ಟು ಗೆರೆ ಎಳೆದು ತನ್ನಿ, ಹಿಡಿಯ ಉದ್ದ ಅದರಿಂದಲೇ ತೆಗೆಯುವುದು. ನೀವು ಎಡಗೈಯವರಾದರೆ ಮೊದಲೇ ಹೇಳಿ, ಒರೆ ತಿರುಗಿಸಿ ಮಾಡಬೇಕು.

ಗುಂಪೆ ಮಾಷ್ಟ್ರು

ಎಡಗೈಯೇ ಮಾರಾಯ್ರೆ. ಹೇಗೆ ಗೊತ್ತಾಯ್ತು? ಕಂಪಾನಿಯನ್ ಸ್ಟೇನ್‌ಲೆಸ್ಸಿಗೆ ಆರ್ಡರ್ ಹಾಕುತ್ತಾ ಇದ್ದೇನೆ. ವಾಚರಣ್ಣ, ಗಡಿಕಲ್ಲಿನ ಬಗ್ಗೆ ಸ್ನೇಹಿತನಿಗೆ ಫೋನ್ ಮಾಡಿದೆ. ಮೇಲಿನ ಜಾಗದಲ್ಲಿ ಅರ್ಧ ಮಾತ್ರ ಅವನದ್ದಂತೆ. ಇನ್ನು ಮುಂದೆ ಟಾರ್ಪಾಲು ತೋಡಿನ ಬದಿಗೇ ಕಟ್ಟುವುದು.